ಮೂಗುಬೊಟ್ಟಿನ ಬೆಳಕು: ಹಳೆಯ ಸಾಫ್ಟ್ ಫೋಕಸ್ ಲೆನ್ಸುಗಳನ್ನು ಹೋಲಿಸಿ ನೋಡುವ ಬಗೆ

ನಮ್ಮ ದೊಡ್ಡಮ್ಮನ ಮೂಗುಬೊಟ್ಟಿನಲ್ಲಿ ಏಳು ಹರಳುಗಳಿವೆ. ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಉತ್ತರದ ಕಿಟಕಿಯ ಪಕ್ಕ ಅವರು ಕುಳಿತರೆ ಆ ಹರಳುಗಳಲ್ಲಿ ಒಂದಾದರೂ ಆಕಾಶದ ಬೆಳಕನ್ನು ಹಿಡಿದು ಸೂಜಿಮೊನೆಯಷ್ಟು ಚುಕ್ಕೆಯಾಗಿ ಹೊಳೆಯುತ್ತದೆ. ನನ್ನ ಬಳಿಯ ಎಲ್ಲ ಸಾಫ್ಟ್ ಫೋಕಸ್, ಅಂದರೆ ಚಿತ್ರವನ್ನು ಬೇಕೆಂದೇ ಮೃದುವಾಗಿಸುವ, ಲೆನ್ಸುಗಳನ್ನು ನಾನು ಅಳೆದಿರುವುದು ಆ ಒಂದು ಚುಕ್ಕೆಯ ಮೇಲೆ. ಯಾವ ಲೆನ್ಸು ಆ ಚುಕ್ಕೆಯನ್ನು ಚೂಪಾಗಿಯೇ ಉಳಿಸಿಕೊಂಡು ಅದರ ಸುತ್ತ ತೆಳುವಾದ ಪ್ರಭೆಯೊಂದನ್ನು ಹಾಸುತ್ತದೆ, ಯಾವುದು ಚುಕ್ಕೆಯನ್ನೇ ಕರಗಿಸಿ ಹಿಟ್ಟು ಮಾಡುತ್ತದೆ ಎಂಬುದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ದೊಡ್ಡ ಹಾಳೆಯ ಫಿಲ್ಮು ಬಳಸುವ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಹಿಡಿದವರಿಗೆ ಒಂದಲ್ಲ ಒಂದು ದಿನ ಈ ಹಳೆಯ ಲೆನ್ಸುಗಳ ಆಸೆ ಹುಟ್ಟುತ್ತದೆ. ಹೆಸರುಗಳ ಮೋಹವೂ ದೊಡ್ಡದು: ವೆರಿಟೊ, ಇಮಾಗೊನ್, ಪಿಂಕ್‌ಹ್ಯಾಮ್ ಅಂಡ್ ಸ್ಮಿತ್, ನಿಕೋಲಾ ಪೆರ್ಶೈಡ್. ಪರದೆಯ ಮೇಲೆ ಕಾಣುವ ಮಾದರಿ ಚಿತ್ರಗಳನ್ನು ನೋಡಿ ಹಣ ಕೊಟ್ಟವರು ಆಮೇಲೆ ಬೇಸರಪಡುವುದನ್ನು ಕಂಡಿದ್ದೇನೆ. ಒಂದು ಚಿತ್ರ ಬೆನ್ನಬೆಳಕಿನಲ್ಲಿ ತೆಗೆದದ್ದು, ಇನ್ನೊಂದು ಮೋಡದ ದಿನದ್ದು. ಒಂದರಲ್ಲಿ ಮುಖ ಫಿಲ್ಮಿನ ತುಂಬ, ಇನ್ನೊಂದರಲ್ಲಿ ಇಡೀ ಆಳು. ಅವುಗಳಿಂದ ಲೆನ್ಸಿನ ಗುಣ ತಿಳಿಯುವುದಿಲ್ಲ. ಒಂದೇ ಮುಖ, ಒಂದೇ ಬೆಳಕು, ಒಂದೇ ಅಳತೆ, ಒಂದೇ ಕಾಗದ: ಹೀಗೆ ಕಟ್ಟುಹಾಕಿ ನೋಡಿದರೆ ಮಾತ್ರ ಲೆನ್ಸು ತನ್ನ ಸ್ವಭಾವವನ್ನು ತೋರಿಸುತ್ತದೆ. ಅದನ್ನು ಮಾಡುವುದು ಹೇಗೆ ಎಂದು ಹಂತ ಹಂತವಾಗಿ ಬರೆಯುತ್ತೇನೆ.

ಮೊದಲು ತಿಳಿಯಬೇಕಾದದ್ದು: ಮೃದುತ್ವ ಎಲ್ಲಿಂದ ಬರುತ್ತದೆ

ಫೋಕಸ್ ತಪ್ಪಿದ ಚಿತ್ರ ಬೇರೆ, ಸಾಫ್ಟ್ ಫೋಕಸ್ ಚಿತ್ರ ಬೇರೆ. ಫೋಕಸ್ ತಪ್ಪಿದಾಗ ಎಲ್ಲ ಕಿರಣಗಳೂ ಒಟ್ಟಿಗೆ ತಪ್ಪುತ್ತವೆ. ಸಾಫ್ಟ್ ಫೋಕಸ್ ಲೆನ್ಸಿನಲ್ಲಿ ಗಾಜಿನ ನಡುಭಾಗದಿಂದ ಬಂದ ಕಿರಣಗಳು ಒಂದು ಕಡೆ ಕೂಡಿ ಚೂಪಾದ ತಿರುಳನ್ನು ಕಟ್ಟುತ್ತವೆ. ಅಂಚಿನಿಂದ ಬಂದ ಕಿರಣಗಳು ಅದಕ್ಕಿಂತ ಸ್ವಲ್ಪ ಮುಂಚೆಯೇ, ಲೆನ್ಸಿಗೆ ಹತ್ತಿರದಲ್ಲೇ ಕೂಡಿ, ಫಿಲ್ಮನ್ನು ತಲುಪುವಷ್ಟರಲ್ಲಿ ಹರಡಿಕೊಂಡು ತಿರುಳಿನ ಸುತ್ತ ಪ್ರಭೆಯಾಗುತ್ತವೆ. ಇದಕ್ಕೆ ಗೋಳೀಯ ವಿಪಥನ ಎಂದು ಹೆಸರು. ಸಾಮಾನ್ಯ ಲೆನ್ಸಿನಲ್ಲಿ ದೋಷವೆಂದು ತಿದ್ದಿ ತೆಗೆಯುವ ಇದನ್ನು ಇಲ್ಲಿ ಬೇಕೆಂದೇ ಉಳಿಸಿಕೊಂಡಿರುತ್ತಾರೆ. ಕೆಲವು ಲೆನ್ಸುಗಳಲ್ಲಿ ವರ್ಣ ವಿಪಥನವೂ ಸೇರಿರುತ್ತದೆ, ಅಂದರೆ ನೀಲಿ ಒಂದು ಕಡೆ, ಕೆಂಪು ಇನ್ನೊಂದು ಕಡೆ ಕೂಡುತ್ತದೆ.

ಈ ಪ್ರಭೆಯ ಬಗ್ಗೆ ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಅದರ ಅಗಲ ಅಪರ್ಚರಿನ, ಅಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ಕಂಡಿಯ, ವ್ಯಾಸದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ವ್ಯಾಸ ಅರ್ಧವಾದರೆ, ಅಂದರೆ ಎಫ್ 4ರಿಂದ ಎಫ್ 8ಕ್ಕೆ ಬಂದರೆ (ಎಫ್ ಅಂಕಿ ಏರಿದಷ್ಟೂ ಕಂಡಿ ಕಿರಿದು), ಪ್ರಭೆ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೇ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿದರೂ ಮೂರರಲ್ಲಿ ಒಂದು ಭಾಗದ ಹತ್ತಿರ ಬರುತ್ತದೆ. ಆದ್ದರಿಂದಲೇ ಎಫ್ 4ರಲ್ಲಿ ಹೊಗೆ ಹಾಕಿದಂತೆ ಕಾಣುವ ಲೆನ್ಸು ಎಫ್ 8ರಲ್ಲಿ ಸಾಧಾರಣ ಲೆನ್ಸಿನ ಹಾಗೆ ಚೂಪಾಗುತ್ತದೆ. ಈ ಲೆನ್ಸುಗಳಲ್ಲಿ ಅಪರ್ಚರ್ ಉಂಗುರವೇ ಮೃದುತ್ವದ ತಿರುಪು. ಅರ್ಧ ಸ್ಟಾಪಿನ, ಮೂರನೇ ಒಂದು ಸ್ಟಾಪಿನ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ‘ಈ ಲೆನ್ಸು ಬಹಳ ಮೃದು’ ಎನ್ನುವ ಮಾತಿಗೆ ಅಪರ್ಚರ್ ಹೇಳದ ಹೊರತು ಅರ್ಥವಿಲ್ಲ.

ಎರಡನೆಯ ಹೆಜ್ಜೆ: ಗಾಜನ್ನು ಪರೀಕ್ಷಿಸಿ

ಹಣ ಕೊಡುವ ಮುನ್ನ ಲೆನ್ಸಿನ ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿ. ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಇಡೀ ಗಾಜು ಹಾಲಿನ ತೆಳುಪೊರೆ ಕಟ್ಟಿದಂತಿದ್ದರೆ ಅದು ಮಬ್ಬು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟುಕೊಂಡಿದೆ ಎಂದರ್ಥ. ಸಾಫ್ಟ್ ಫೋಕಸ್ ಲೆನ್ಸಿನ ವ್ಯಾಪಾರದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಮಬ್ಬು ಹಿಡಿದ ಗಾಜನ್ನು ‘ಅದರ ಗುಣವೇ ಹಾಗೆ’ ಎಂದು ಮಾರುವುದು ಸುಲಭ. ನಾನು ಮೊದಲು ತರಿಸಿದ ಲೆನ್ಸು ಅಂಥದ್ದು. ಎಫ್ 16ಕ್ಕೆ ಇಳಿಸಿದರೂ ಚಿತ್ರದ ಕಪ್ಪು ಬೂದಿಯಾಗಿಯೇ ಇತ್ತು. ಅದೇ ಅದರ ಪರೀಕ್ಷೆ: ನಿಜವಾದ ಸಾಫ್ಟ್ ಫೋಕಸ್ ಲೆನ್ಸು ಅಪರ್ಚರ್ ಇಳಿಸಿದಂತೆ ತೆರೆ ಸರಿಸಿದ ಹಾಗೆ ಶುಭ್ರವಾಗುತ್ತದೆ, ಮಬ್ಬು ಹಿಡಿದದ್ದು ಆಗುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ನಮ್ಮ ಕಡೆಯ ಹಳೆಯ ಸ್ಟುಡಿಯೋಗಳು ಮುಚ್ಚಿದಾಗ ಅಟ್ಟದಿಂದ ಇಳಿಯುವ ದಪ್ಪ ಹಿತ್ತಾಳೆ ಲೆನ್ಸುಗಳು ಹೆಚ್ಚಾಗಿ ಪೆಟ್ಸ್‌ವಾಲ್ ಜಾತಿಯವು. ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ರೂಪಿಸಿದ ಆ ಮಾದರಿ ನಡುವಿನಲ್ಲಿ ಬಹಳ ಚೂಪು, ಅಂಚಿನಲ್ಲಿ ಮಾತ್ರ ಹಿನ್ನೆಲೆ ಸುಳಿಯಾಡುತ್ತದೆ. ಅದು ಸಾಫ್ಟ್ ಫೋಕಸ್ ಲೆನ್ಸಲ್ಲ. ಡಾಲ್‌ಮೇಯರ್ 1866ರಲ್ಲಿ ಪೇಟೆಂಟ್ ಪಡೆದ ಪೋರ್ಟ್ರೇಟ್ ಲೆನ್ಸು ಮಾತ್ರ ಹಿಂದಿನ ಗಾಜನ್ನು ತಿರುವಿ ಸಡಿಲಿಸಿ ಮೃದುತ್ವ ತಂದುಕೊಳ್ಳುವ ಸೌಕರ್ಯ ಕೊಡುತ್ತದೆ.

ಲೆನ್ಸು ಬಂದ ಮೇಲೆ ಅದನ್ನು ಕ್ಯಾಮೆರಾಕ್ಕೆ ಕೂರಿಸುವ ಕೆಲಸವಿದೆ. ಹಳೆಯ ಲೆನ್ಸಿನ ಜೊತೆ ತಿರುಪಿನ ಬಳೆ ಸಿಗುವುದು ಅಪರೂಪ. ಹರಿಹರ, ದಾವಣಗೆರೆಯ ಲೇತ್ ಅಂಗಡಿಗಳಲ್ಲಿ ಲೆನ್ಸನ್ನೇ ಮುಂದಿಟ್ಟು ಕೇಳಿದರೆ ಅಲ್ಯೂಮಿನಿಯಂನಲ್ಲಿ ಬಳೆ ಮಾಡಿಕೊಡುತ್ತಾರೆ. ಅಳತೆ ಬರೆದುಕೊಂಡು ಹೋಗಬೇಡಿ, ಲೆನ್ಸನ್ನೇ ಒಯ್ಯಿರಿ; ಹಳೆಯ ತಿರುಪಿನ ಎಳೆಗಳು ಇಂದಿನ ಅಳತೆಗೆ ಕೂಡುವುದಿಲ್ಲ.

ಮೂರನೆಯ ಹೆಜ್ಜೆ: ಹೋಲಿಕೆಗೆ ಯಾವುವು

ಈ ಲೆನ್ಸುಗಳ ಕಾಲ ಸುಮಾರು 1890ರಿಂದ 1920ರ ದಶಕದವರೆಗಿನದು. ಛಾಯಾಚಿತ್ರವೂ ಕಲೆಯೇ ಎಂದು ಸಾಧಿಸಲು ಹೊರಟ ಚಿತ್ರಮಯ ಪಂಥದವರು ಚಿತ್ರಕಾರರ ಮಾತಿಗೆ ಕಿವಿಗೊಟ್ಟು ಇಂಥ ಗಾಜುಗಳನ್ನು ಕೇಳಿ ಮಾಡಿಸಿದರು. 1932ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಗ್ರೂಪ್ ಎಫ್ 64’ ಎಂದು ತಮ್ಮನ್ನು ಕರೆದುಕೊಂಡವರು ಅಂಚಿನಿಂದ ಅಂಚಿಗೆ ಚೂಪಾದ ಚಿತ್ರವೇ ಧರ್ಮವೆಂದು ಸಾರಿದರು. ಆ ಮೇಲೆ ಈ ಲೆನ್ಸುಗಳು ಭಾವಚಿತ್ರದ ಸ್ಟುಡಿಯೋಗಳಿಗಷ್ಟೇ ಉಳಿದವು.

ಬಾಸ್ಟನ್ನಿನ ಪಿಂಕ್‌ಹ್ಯಾಮ್ ಅಂಡ್ ಸ್ಮಿತ್‌ನ ಲೆನ್ಸುಗಳು, ಬುಷ್ ಕಂಪನಿ ಮಾಡಿದ ನಿಕೋಲಾ ಪೆರ್ಶೈಡ್, ಮೃದುತ್ವವನ್ನು ತಿರುವಿ ಹೊಂದಿಸಬಹುದಾದ ಫೋಗ್ಟ್‌ಲೆಂಡರಿನ ಯೂನಿವರ್ಸಲ್ ಹೆಲಿಯಾರ್: ಇವುಗಳ ಬೆಲೆ ಇಂದು ನನ್ನಂಥವರ ಕೈಗೆ ಎಟುಕುವುದಿಲ್ಲ, ಬೆಲೆಯ ಮೇಲೆ ಕಸ್ಟಮ್ಸ್ ಸುಂಕವೂ ಸೇರುತ್ತದೆ. ನಾನು ಪಕ್ಕಪಕ್ಕ ಇಟ್ಟು ನೋಡಿರುವುದು ನಾಲ್ಕನ್ನು.

ವೊಲೆನ್‌ಸಾಕ್ ವೆರಿಟೊ, ಹದಿನಾಲ್ಕೂವರೆ ಇಂಚು, ಎಫ್ 4. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ 1910ರ ದಶಕದಿಂದ ತಯಾರಾದದ್ದು. ಅಪರ್ಚರ್ ಪೂರ್ತಿ ತೆರೆದರೆ 92 ಮಿ.ಮೀ. ಅಗಲದ ಗಾಜು ಕೆಲಸ ಮಾಡುತ್ತದೆ. ಕ್ಯಾಮೆರಾದ ಮುಂಭಾಗ ಭದ್ರವಾಗಿಲ್ಲದಿದ್ದರೆ ಅದರ ಭಾರಕ್ಕೇ ಬಾಗುತ್ತದೆ. ಎಫ್ 4ರಲ್ಲಿ ಇದು ಹದ ಮೀರಿದ ಕುದುರೆ. ಎಫ್ 5.6ರಲ್ಲಿ ತೆಳು ಮಲ್ ಬಟ್ಟೆಯ ಹಿಂದಿನಿಂದ ನೋಡಿದಂತೆ, ಆದರೂ ರೆಪ್ಪೆಗೂದಲು ಒಂದೊಂದೂ ಎಣಿಸುವಂತೆ ಇರುತ್ತದೆ. ನನಗೆ ನಾಲ್ಕರಲ್ಲಿ ಹೆಚ್ಚು ಪ್ರಿಯವಾದದ್ದು ಇದೇ.

ರೋಡೆನ್‌ಸ್ಟಾಕ್ ಇಮಾಗೊನ್, 300 ಮಿ.ಮೀ. ಇದರ ಹಿಂದೆ ಆಸ್ಟ್ರಿಯಾದ ಛಾಯಾಗ್ರಾಹಕ ಹೈನ್‌ರಿಕ್ ಕ್ಯೂನ್ ಮತ್ತು ಲೆನ್ಸು ತಯಾರಕ ಫ್ರಾಂಟ್ಸ್ ಸ್ಟೇಬ್ಲೆ ಇದ್ದಾರೆ. ಅಪರ್ಚರಿನ ಬದಲು ಜರಡಿಯಂಥ ತಟ್ಟೆಗಳು: ನಡುವೆ ದೊಡ್ಡ ರಂಧ್ರ, ಸುತ್ತ ಸಣ್ಣ ರಂಧ್ರಗಳ ಸಾಲು. ನಡುವಿನದು ತಿರುಳನ್ನು ಕಟ್ಟಿದರೆ ಸುತ್ತಲಿನವು ಪ್ರಭೆಯನ್ನು ತರುತ್ತವೆ. ತಟ್ಟೆಯನ್ನು ತಿರುವಿ ಸಣ್ಣ ರಂಧ್ರಗಳನ್ನು ಮುಚ್ಚುತ್ತ ಬಂದರೆ ಪ್ರಭೆ ಮಾತ್ರ ಕಡಿಮೆಯಾಗುತ್ತದೆ. ಎಷ್ಟು ಬುದ್ಧಿವಂತಿಕೆಯ ಉಪಾಯ! ಇದರ ಗುರುತುಗಳು ಎಫ್ ಅಲ್ಲ, ಎಚ್: ಎಚ್ 5.8, 7.7, 9.5, 11.5 ಎಂಬಂತೆ. ಎಕ್ಸ್‌ಪೋಷರನ್ನು ಆ ಅಂಕಿಯಂತೆಯೇ ಲೆಕ್ಕ ಹಾಕಬೇಕು. ಇದರ ಒಂದು ಗುಣ ಕೆಲವರಿಗೆ ಇಷ್ಟ, ಕೆಲವರಿಗೆ ಕಿರಿಕಿರಿ: ಹಿನ್ನೆಲೆಯಲ್ಲಿ ಫೋಕಸ್ ಇಲ್ಲದ ಬೆಳಕಿನ ಚುಕ್ಕೆಗಳಿದ್ದರೆ ಜರಡಿಯ ಆಕಾರವೇ ಹೂವಿನಂತೆ ಮೂಡುತ್ತದೆ. ಬೇವಿನ ಮರದ ಎಲೆಸಂದಿಯ ಬೆಳಕಿನೆದುರು ತೆಗೆದ ಚಿತ್ರದಲ್ಲಿ ನೂರಾರು ಹೂಗಳು ಬಂದು ದೊಡ್ಡಮ್ಮನ ಮುಖಕ್ಕಿಂತ ಅವೇ ಮುಂದಾದವು. ಇಮಾಗೊನ್ ಇಟ್ಟಾಗ ಹಿಂದೆ ಸಾದಾ ಗೋಡೆ ಇರಲಿ ಎಂಬುದು ನನ್ನ ಕಟ್ಟುನಿಟ್ಟು.

ಕೊಡಕ್ ಪೋರ್ಟ್ರೇಟ್ ಲೆನ್ಸ್, 305 ಮಿ.ಮೀ., ಎಫ್ 4.8. ಎರಡು ಗಾಜುಗಳನ್ನು ಅಂಟಿಸಿದ ಸರಳ ರಚನೆ. 1940ರ ದಶಕದ್ದು, ಇಲೆಕ್ಸ್ ನಂಬರ್ 5 ಶಟರಿನಲ್ಲಿ ಬರುತ್ತದೆ. ಬಣ್ಣಗಳನ್ನು ಒಂದೆಡೆ ಕೂಡಿಸುವ ತಿದ್ದುಪಡಿ ಇರುವುದರಿಂದ ಕಲರ್ ಫಿಲ್ಮಿಗೂ ಸರಿ. ಹೆಚ್ಚು ಹೇಳುವುದಕ್ಕೇನಿಲ್ಲದ, ಎಂದೂ ಕೈಕೊಡದ ಲೆನ್ಸು.

ನಾಲ್ಕನೆಯದನ್ನು ನಾನೇ ಮಾಡಿದ್ದು, ಕನ್ನಡಕದ ಗಾಜಿನಿಂದ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡಕದ ಗಾಜಿನ ಲೆನ್ಸು

ಕನ್ನಡಕದ ಅಂಗಡಿಗೆ ಹೋಗಿ, ಫ್ರೇಮಿಗೆ ಕತ್ತರಿಸದ, ಪ್ಲಸ್ 3 ಪವರಿನ, ಸಿಲಿಂಡರ್ ಇಲ್ಲದ ಒಂದು ಗಾಜು ಕೇಳಿ. ಪ್ಲಾಸ್ಟಿಕ್ ಆದರೂ ಅಡ್ಡಿಯಿಲ್ಲ. ಅದರ ಸಂಗಮ ದೂರ ಒಂದು ಮೀಟರಿನ ಮೂರನೇ ಒಂದು ಭಾಗ, ಸುಮಾರು 333 ಮಿ.ಮೀ. ಗಾಜಿನ ಅಗಲ 65 ಮಿ.ಮೀ. ಇದ್ದರೆ ಎಫ್ 5ರ ಹತ್ತಿರದ ಲೆನ್ಸು ಸಿದ್ಧ. ಅಮೆರಿಕದ ಕಾರ್ಲ್ ಸ್ಟ್ರಸ್ ಅವರ ಹೆಸರುವಾಸಿ ‘ಪಿಕ್ಟೋರಿಯಲ್ ಲೆನ್ಸ್’ ಕೂಡ ಬಣ್ಣದ ತಿದ್ದುಪಡಿಯಿಲ್ಲದ ಒಂಟಿ ಗಾಜೇ.

75 ಮಿ.ಮೀ. ಪಿವಿಸಿ ಪೈಪಿನ ತುಂಡಿಗೆ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಗಾಜಿನ ತಗ್ಗಿನ ಬದಿ ಎದುರಿನ ವ್ಯಕ್ತಿಯ ಕಡೆಗಿರುವಂತೆ ಕೂರಿಸಿ. ಉಬ್ಬಿನ ಬದಿ ಫಿಲ್ಮಿನ ಕಡೆಗೆ. ಗಾಜಿನ ಮುಂದೆ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಕಪ್ಪು ರಟ್ಟಿನ ತಟ್ಟೆ ಸಿಕ್ಕಿಸಲು ಜಾಗ ಬಿಡಿ. ತಟ್ಟೆಯಲ್ಲಿ 59 ಮಿ.ಮೀ. ರಂಧ್ರ ಕೊರೆದರೆ ಎಫ್ 5.6, 42 ಮಿ.ಮೀ. ಆದರೆ ಎಫ್ 8, 30 ಮಿ.ಮೀ. ಆದರೆ ಎಫ್ 11.

ಇದರಲ್ಲಿ ಬಣ್ಣಗಳ ಕೂಡುವಿಕೆ ಇಲ್ಲ. ದೂರದ ವಸ್ತುವಿಗೆ ಫೋಕಸ್ ಮಾಡಿದಾಗಲೂ ಕೆಂಪು ಮತ್ತು ನೀಲಿ ಕೂಡುವ ಜಾಗಗಳ ನಡುವೆ ಸುಮಾರು 6 ಮಿ.ಮೀ. ಅಂತರವಿರುತ್ತದೆ. ನಮ್ಮ ಕಣ್ಣು ಹಳದಿ-ಹಸಿರಿಗೆ ಫೋಕಸ್ ಮಾಡಿದರೆ ನೀಲಿಗೆ ಹೆಚ್ಚು ಸ್ಪಂದಿಸುವ ಫಿಲ್ಮು ಬೇರೆಯದನ್ನೇ ನೋಡುತ್ತದೆ. ಹಾಗಾಗಿ ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಇಟ್ಟು, ಅದರ ಮೂಲಕವೇ ಫೋಕಸ್ ಮಾಡಿ, ಅದರ ಮೂಲಕವೇ ಎಕ್ಸ್‌ಪೋಸ್ ಮಾಡಿ.

ನಾಲ್ಕನೆಯ ಹೆಜ್ಜೆ: ದೀಪದ ಪರೀಕ್ಷೆ

ಫಿಲ್ಮು ಖರ್ಚು ಮಾಡುವ ಮೊದಲು ಒಂದು ಸಂಜೆ ಕತ್ತಲೆಕೋಣೆಯಲ್ಲಿ ಕುಳಿತುಕೊಳ್ಳಿ. ಟಾರ್ಚಿನ ಮುಖಕ್ಕೆ ಕಪ್ಪು ಕಾಗದ ಕಟ್ಟಿ ಸೂಜಿಯಿಂದ ಒಂದು ತೂತು ಮಾಡಿ, ಕ್ಯಾಮೆರಾದಿಂದ ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ. ಕ್ಯಾಮೆರಾದ ಹಿಂದೆ ಚಿತ್ರ ಮೂಡುವ ಮಸುಕು ಗಾಜಾದ ಗ್ರೌಂಡ್ ಗ್ಲಾಸಿನ ಮೇಲೆ ಲೂಪ್ (ಭೂತಗನ್ನಡಿ) ಇಟ್ಟು, ಬೆಲ್ಲೋಸನ್ನು (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ) ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಲೆನ್ಸನ್ನು ಗ್ರೌಂಡ್ ಗ್ಲಾಸಿಗೆ ಹತ್ತಿರ ತಂದಾಗ ಬೆಳಕಿನ ಚುಕ್ಕೆ ಹೊರಗೆ ಗಟ್ಟಿ ಬಳೆಯಾಗಿ, ನಡುವೆ ಮಂಕಾಗಿ ಕಾಣುತ್ತದೆ. ದೂರ ಸರಿಸಿದಾಗ ನಡುವೆ ಉಜ್ವಲ ಚುಕ್ಕೆ, ಸುತ್ತ ಕರಗುತ್ತ ಹೋಗುವ ಪ್ರಭೆ. ಭಾವಚಿತ್ರದಲ್ಲಿ ಮುಖಕ್ಕಿಂತ ಹಿಂದಿರುವುದೆಲ್ಲ ಈ ಎರಡನೆಯ ರೀತಿಯಲ್ಲಿ ಕರಗುತ್ತದೆ, ಮುಂದಿರುವುದು ಮೊದಲಿನ ರೀತಿಯಲ್ಲಿ ಒರಟಾಗುತ್ತದೆ. ಮಡಿಲಲ್ಲಿ ಕೈ ಜೋಡಿಸಿ ಕೂರಿಸಿದಾಗ ಕೈಗಳು ಏಕೆ ಕಣ್ಣಿಗೆ ಚುಚ್ಚುತ್ತವೆ, ಹಿಂದಿನ ಗೋಡೆ ಏಕೆ ಹಿತವಾಗಿರುತ್ತದೆ ಎಂಬುದು ಆ ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ.

ಪ್ರತಿ ಲೆನ್ಸಿಗೂ ಪ್ರತಿ ಅಪರ್ಚರಿಗೂ ಚುಕ್ಕೆಯ ಚಿತ್ರವನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಿ. ವೆರಿಟೊದ ಪ್ರಭೆ ಎಡೆಬಿಡದೆ ಇಳಿಯುತ್ತದೆ, ಇಮಾಗೊನ್‌ನದು ಚುಕ್ಕೆಚುಕ್ಕೆ, ಕನ್ನಡಕದ ಗಾಜಿನದಕ್ಕೆ ಕೆನ್ನೀಲಿ ಅಂಚು.

ಐದನೆಯ ಹೆಜ್ಜೆ: ಅಳತೆ ಸಮ ಮಾಡುವುದು

ಹೋಲಿಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಪ್ರಭೆಯ ಅಗಲ ಮಿಲಿಮೀಟರಿನಲ್ಲಿ ಇರುತ್ತದೆ, ಮುಖವೂ ಫಿಲ್ಮಿನ ಮೇಲೆ ಮಿಲಿಮೀಟರಿನಲ್ಲಿ ಇರುತ್ತದೆ. ಮುಖ ದೊಡ್ಡದಿದ್ದರೆ ಅದೇ ಪ್ರಭೆ ಒಡವೆಯಂತೆ. ಮುಖ ಚಿಕ್ಕದಾದರೆ ಅದೇ ಪ್ರಭೆ ಕಣ್ಣು ಮೂಗುಗಳನ್ನೇ ನುಂಗುತ್ತದೆ. ಆದ್ದರಿಂದ ಗ್ರೌಂಡ್ ಗ್ಲಾಸಿನ ಮೇಲೆ ಪೆನ್ಸಿಲಿನಿಂದ 7 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಗದ್ದ ಒಂದು ಗೆರೆಯಲ್ಲಿ, ನೆತ್ತಿ ಇನ್ನೊಂದು ಗೆರೆಯಲ್ಲಿ ಇರುವಂತೆ ಪ್ರತಿ ಲೆನ್ಸಿಗೂ ಕ್ಯಾಮೆರಾವನ್ನು ಸರಿಸಿ. ಇದು ನಿಜದ ಅಳತೆಯ ಮೂರನೇ ಒಂದು ಭಾಗಕ್ಕೆ ಸಮೀಪ. 300 ಮಿ.ಮೀ. ಲೆನ್ಸು ಮುಖದಿಂದ 1.2 ಮೀಟರ್ ದೂರದಲ್ಲಿ, ವೆರಿಟೊ ಒಂದೂವರೆ ಮೀಟರಿನ ಹತ್ತಿರ ನಿಲ್ಲುತ್ತದೆ. ವೆರಿಟೊಗೆ ಬೆಲ್ಲೋಸ್ ಅರ್ಧ ಮೀಟರ್‌ವರೆಗೆ ಚಾಚಬೇಕು. ನಿಮ್ಮ ಕ್ಯಾಮೆರಾ ಅಷ್ಟು ಚಾಚುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿಯಂಥ ತೇಗದ ಫೀಲ್ಡ್ ಕ್ಯಾಮೆರಾಗಳು ಇಂದಿಗೂ ನಮ್ಮ ಕಡೆ ಸಿಗುತ್ತವೆ. ಆದರೆ ಬೆಲ್ಲೋಸಿನ ಮಡಿಕೆಗಳಲ್ಲಿ ತೂತುಗಳಿವೆಯೇ ಎಂದು ಒಳಗೆ ದೀಪ ಇಟ್ಟು ನೋಡಬೇಕು.

ಅಳತೆ ಸಮ ಮಾಡಿದ್ದರಿಂದ ಇನ್ನೊಂದು ಅನುಕೂಲ. ಬೆಲ್ಲೋಸ್ ಚಾಚಿದ್ದಕ್ಕೆ ಕೊಡಬೇಕಾದ ಹೆಚ್ಚುವರಿ ಬೆಳಕು ನಾಲ್ಕೂ ಲೆನ್ಸಿಗೆ ಒಂದೇ: ಸುಮಾರು 1.8 ಪಟ್ಟು, ಒಂದು ಸ್ಟಾಪಿಗೆ ತುಸು ಕಡಿಮೆ.

ಬೆಳಕು ಉತ್ತರದ ಕಿಟಕಿಯದೇ ಇರಲಿ. ನಮ್ಮ ದುರ್ಗದ ಬಿಸಿಲು ಹತ್ತು ನಿಮಿಷಕ್ಕೊಮ್ಮೆ ಗೋಡೆಯ ಮೇಲೆ ಜಾಗ ಬದಲಿಸುತ್ತದೆ. ಉತ್ತರದ ಆಕಾಶ ಎರಡು ಗಂಟೆ ಸ್ಥಿರವಾಗಿರುತ್ತದೆ. ಆದರೆ ಮುಖದ ಎರಡೂ ಬದಿ ಸಮವಾಗಿ ಬೆಳಗಿಸಬೇಡಿ. ಈ ಲೆನ್ಸುಗಳು ತಾವೇ ನೆರಳಿಗೆ ಬೆಳಕು ಚೆಲ್ಲಿ ಕಾಂಟ್ರಾಸ್ಟ್ ಇಳಿಸುತ್ತವೆ, ಹಾಗಾಗಿ ಸಾಮಾನ್ಯಕ್ಕಿಂತ ಗಡಸು ಬೆಳಕನ್ನೇ ಕೊಡಿ. ಕಪ್ಪು ಅಂಚಿನ ಬಿಳಿ ಸೀರೆ, ನರೆಗೂದಲು, ಮೂಗುಬೊಟ್ಟು: ಕಪ್ಪಿನ ಪಕ್ಕ ಬಿಳುಪು ಇದ್ದಲ್ಲಿ ಮಾತ್ರ ಪ್ರಭೆ ಕಾಣುತ್ತದೆ.

ಆರನೆಯ ಹೆಜ್ಜೆ: ಫೋಕಸ್

ಮೊದಲ ಸಲ ನಾನು ವೆರಿಟೊವನ್ನು ಎಫ್ 4ರಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಎಫ್ 6.3ಕ್ಕೆ ಇಳಿಸಿ ಚಿತ್ರ ತೆಗೆದೆ. ಫಿಲ್ಮಿನಲ್ಲಿ ಕಣ್ಣು ಮಸುಕು, ಕಿವಿಯ ಓಲೆ ಚೂಪು. ಅಂಚಿನ ಕಿರಣಗಳನ್ನು ಮುಚ್ಚಿದೊಡನೆ ಅತಿ ಚೂಪಾದ ಜಾಗ ಲೆನ್ಸಿನಿಂದ ದೂರ ಸರಿಯುತ್ತದೆ. ಫಿಲ್ಮು ಇದ್ದಲ್ಲೇ ಇದ್ದರೆ ಫೋಕಸ್ ಮುಖದ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ನಿಯಮ ಒಂದೇ: ಯಾವ ಅಪರ್ಚರಿನಲ್ಲಿ ಚಿತ್ರ ತೆಗೆಯುತ್ತೀರೋ ಅದೇ ಅಪರ್ಚರಿನಲ್ಲಿ ಫೋಕಸ್ ಮಾಡಿ. ಇಮಾಗೊನ್ ಆದರೆ ತಟ್ಟೆಯನ್ನು ಹಾಕಿಕೊಂಡೇ.

ಚರ್ಮದ ಮೇಲೆ ಫೋಕಸ್ ಹುಡುಕಬೇಡಿ, ಸಿಗುವುದಿಲ್ಲ. ಕಣ್ಣಿನಲ್ಲಿರುವ ಕಿಟಕಿಯ ಪ್ರತಿಬಿಂಬವನ್ನು ಲೂಪಿನಲ್ಲಿ ಹಿಡಿಯಿರಿ. ಪ್ರಭೆ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಳಗಿನ ತಿರುಳು ಅತಿ ಚಿಕ್ಕದಾಗುವ ಜಾಗದಲ್ಲಿ ನಿಲ್ಲಿಸಿ. ಕಣ್ಣಿಗೆ ಅಭ್ಯಾಸವಾಗುವುದಕ್ಕೆ ನಾಲ್ಕಾರು ದಿನ ಬೇಕು. ಮಬ್ಬುಗತ್ತಲಿನ ಕೋಣೆಯಾದರೆ ಕಣ್ಣಿನ ಪಕ್ಕ ಸಣ್ಣ ಟಾರ್ಚ್ ಹಿಡಿಯಲು ಯಾರನ್ನಾದರೂ ಕೇಳಿಕೊಳ್ಳಿ. “ಇನ್ನೆಷ್ಟು ಹೊತ್ತು ಕೂರಬೇಕಪ್ಪ?” ಎಂದು ದೊಡ್ಡಮ್ಮ ಕೇಳುವುದು ಈ ಹಂತದಲ್ಲೇ. ತಲೆಯ ಹಿಂದೆ ಗೋಡೆಗೆ ಒರಗಿದ ದಿಂಬು ಇಟ್ಟರೆ ಫೋಕಸ್ ಮಾಡಿ ಫಿಲ್ಮ್ ಹೋಲ್ಡರ್ ಹಾಕುವಷ್ಟರಲ್ಲಿ ಮುಖ ಅಲುಗುವುದಿಲ್ಲ.

ಏಳನೆಯ ಹೆಜ್ಜೆ: ಫಿಲ್ಮು ಮತ್ತು ಎಕ್ಸ್‌ಪೋಷರ್

ನಾಲ್ಕು ಲೆನ್ಸು, ಮೂರು ಅಪರ್ಚರ್, ಹನ್ನೆರಡು ಹಾಳೆ. ಆಮದಾದ ಶೀಟ್ ಫಿಲ್ಮಿನಲ್ಲಿ ಇದು ದುಬಾರಿ. ದಾವಣಗೆರೆ ಆಸ್ಪತ್ರೆಗಳ ಊರು. ಎಕ್ಸ್-ರೇ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಹಸಿರು ಬೆಳಕಿಗೆ ಸ್ಪಂದಿಸುವ 8×10 ಇಂಚಿನ ಎಕ್ಸ್-ರೇ ಫಿಲ್ಮ್ ವಿಚಾರಿಸಿ. ಈಗ ಹೆಚ್ಚಿನ ಕಡೆ ಡಿಜಿಟಲ್ ಯಂತ್ರಕ್ಕೆ ಬೇಕಾದ ಒಣ ಫಿಲ್ಮೇ ಇರುತ್ತದೆ, ಅದು ಕ್ಯಾಮೆರಾಕ್ಕೆ ಆಗುವುದಿಲ್ಲ. ‘ಡೆವಲಪರಿನಲ್ಲಿ ತೊಳೆಯುವ ಫಿಲ್ಮ್’ ಎಂದು ಒತ್ತಿ ಹೇಳಿ. ಕೆಂಪು ದೀಪದ ಕೆಳಗೆ ಅಡ್ಡಕ್ಕೆ ಎರಡಾಗಿ ಕತ್ತರಿಸಿ, ತುದಿಯನ್ನು ಒಂದಿಂಚು ತೆಗೆದರೆ 5×7ರ ಹೋಲ್ಡರಿಗೆ ಸರಿಹೋಗುತ್ತದೆ.

ಈ ಫಿಲ್ಮಿನ ಎರಡೂ ಬದಿ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಇರುವುದರಿಂದ ತಟ್ಟೆಯ ತಳಕ್ಕೆ ಉಜ್ಜಿದರೆ ಗೀರು ಬೀಳುತ್ತದೆ. ನಯವಾದ ಗಾಜಿನ ತಳವಿರುವ ಟ್ರೇಯಲ್ಲಿ ಒಂದೊಂದೇ ಹಾಳೆ ಡೆವಲಪ್ ಮಾಡಿ. ಬೇಸಿಗೆಯಲ್ಲಿ ನಮ್ಮ ನಲ್ಲಿನೀರು 30 ಡಿಗ್ರಿಗೆ ಏರುತ್ತದೆ, ಐಸ್ ತುಂಡಿನ ಚೀಲ ಇಳಿಬಿಟ್ಟು 20ಕ್ಕೆ ತನ್ನಿ. ಇನ್ನೊಂದು ಮಾತು. ಬೆಳಕು ಹಿಂದಿನಿಂದ ಪ್ರತಿಫಲಿಸಿ ಹರಡದಂತೆ ಸಾಮಾನ್ಯ ಫಿಲ್ಮಿನಲ್ಲಿರುವ ಲೇಪ ಇದರಲ್ಲಿ ಇಲ್ಲ, ಆದ್ದರಿಂದ ಇದು ತನ್ನದೇ ಪ್ರಭೆಯನ್ನು ಸೇರಿಸುತ್ತದೆ. ನಾಲ್ಕೂ ಲೆನ್ಸಿಗೆ ಸಮವಾಗಿ ಸೇರಿಸುವುದರಿಂದ ಹೋಲಿಕೆಗೆ ತೊಂದರೆಯಿಲ್ಲ. ಆದರೆ ‘ಈ ಲೆನ್ಸು ಎಷ್ಟು ಮೃದು’ ಎಂಬ ಕೊನೆಯ ತೀರ್ಪನ್ನು ಇಲ್ಫೋರ್ಡ್ ಎಫ್‌ಪಿ 4 ತರಹದ ಫಿಲ್ಮಿನ ಒಂದೆರಡು ಹಾಳೆಯ ಮೇಲೇ ಕೊಡಿ. ಎಕ್ಸ್-ರೇ ಫಿಲ್ಮು ಕೆಂಪನ್ನು ಕಾಣುವುದಿಲ್ಲ, ಹೀಗಾಗಿ ನಮ್ಮ ಮೈಬಣ್ಣವನ್ನು ಇರುವುದಕ್ಕಿಂತ ಕಪ್ಪಾಗಿಸುತ್ತದೆ, ಸುಕ್ಕುಗಳನ್ನು ಆಳವಾಗಿಸುತ್ತದೆ. ಮುಖದ ಸಲುವಾಗಿ ಅರ್ಧ ಸ್ಟಾಪ್ ಹೆಚ್ಚು ಕೊಡುವುದು ಒಳ್ಳೆಯದು.

ಫಿಲ್ಮಿನ ವೇಗವನ್ನು (ಐಎಸ್‌ಒ) 50 ಎಂದಿಟ್ಟುಕೊಂಡರೆ, ನಮ್ಮ ಪಡಸಾಲೆಯ ಕಿಟಕಿ ಬೆಳಕಿನಲ್ಲಿ ಎಫ್ 4ಕ್ಕೆ ಕಾಲು ಸೆಕೆಂಡು, ಬೆಲ್ಲೋಸಿನ ಲೆಕ್ಕ ಸೇರಿಸಿ ಅರ್ಧ ಸೆಕೆಂಡಿಗೆ ಹತ್ತಿರ. ಶಟರ್ ಇಲ್ಲದ ಲೆನ್ಸಿಗೆ ಇದು ವರ: ಮುಚ್ಚಳ ತೆಗೆದು ಹಾಕಿ ಎಕ್ಸ್‌ಪೋಸ್ ಮಾಡಬಹುದು. ಎಫ್ 8ರಲ್ಲಿ ಎರಡು ಸೆಕೆಂಡು, ಕೈ ಇನ್ನೂ ನಿರಾಳ. ಪ್ರತಿ ಹಾಳೆಯ ಮೂಲೆಯಲ್ಲಿ ಲೆನ್ಸಿನ ಹೆಸರು, ಅಪರ್ಚರ್ ಬರೆದ ಚೀಟಿ ಬರುವಂತೆ ದೊಡ್ಡಮ್ಮನ ಹೆಗಲ ಬಳಿ ಗೋಡೆಗೆ ಅಂಟಿಸುತ್ತೇನೆ. ಒಣಗಿದ ಮೇಲೆ ಯಾವುದು ಯಾವುದೆಂದು ನೆನಪಿರುವುದಿಲ್ಲ.

ಎಂಟನೆಯ ಹೆಜ್ಜೆ: ಕಾಗದದ ಮೇಲೆ ನೋಡುವುದು

ಹನ್ನೆರಡನ್ನೂ ಒಂದೇ ಕಾಗದದಲ್ಲಿ, ಒಂದೇ ಸಮಯ ಕೊಟ್ಟು ಕಾಂಟ್ಯಾಕ್ಟ್ ಪ್ರಿಂಟ್ (ನೆಗೆಟಿವನ್ನು ಕಾಗದಕ್ಕೇ ಒತ್ತಿಟ್ಟು ತೆಗೆಯುವ ಪ್ರಿಂಟ್) ಮಾಡಿ. ಮೊಬೈಲಿನಲ್ಲಿ ನೆಗೆಟಿವ್ ಫೋಟೋ ತೆಗೆದು ತಿರುಗಿಸಿ ನೋಡುವುದರಿಂದ ಪ್ರಭೆಯ ಇಳಿತ ಗೊತ್ತಾಗುವುದಿಲ್ಲ, ಮೊಬೈಲು ತಾನಾಗಿಯೇ ಕಾಂಟ್ರಾಸ್ಟ್ ಏರಿಸಿಬಿಡುತ್ತದೆ. ಚೂಪಾದ ನೆಗೆಟಿವ್ ತೆಗೆದು ಎನ್‌ಲಾರ್ಜರಿನ ಕೆಳಗೆ ಜಾಲರಿ ಹಿಡಿದು ಮೃದು ಮಾಡಿದರಾಯಿತು ಎಂದು ಹೇಳುವವರೂ ಇದ್ದಾರೆ. ಅಲ್ಲಿ ಹರಡುವುದು ಕಪ್ಪು, ಬೆಳಕಿಗೆ ನೆರಳು ಸೋರುತ್ತದೆ. ಕ್ಯಾಮೆರಾದಲ್ಲಿ ಬೆಳಕು ನೆರಳಿಗೆ ಸೋರುತ್ತದೆ. ನರೆಗೂದಲಿನ ಅಂಚು ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ನಾನು ಪ್ರಿಂಟಿನಲ್ಲಿ ಮೂರು ಜಾಗ ನೋಡುತ್ತೇನೆ. ಮೂಗುಬೊಟ್ಟಿನ ಚುಕ್ಕೆಗೆ ತಿರುಳು ಉಳಿದಿದೆಯೇ? ಸೀರೆಯ ಕಪ್ಪು ಅಂಚು ಕಪ್ಪಾಗಿಯೇ ಇದೆಯೇ, ಬೂದಿಯಾಗಿದೆಯೇ? ಕಣ್ಣಿನಿಂದ ಕಿವಿಯವರೆಗೆ ಹೋಗುವಾಗ ಮಸುಕು ಮೆಲ್ಲಗೆ ಏರುತ್ತದೆಯೇ, ಮೆಟ್ಟಿಲು ಹತ್ತಿದಂತೆ ಏರುತ್ತದೆಯೇ? ಈ ಲೆಕ್ಕದಲ್ಲಿ ವೆರಿಟೊ ಎಫ್ 5.6, ಇಮಾಗೊನ್ ಎಚ್ 7.7, ಕೊಡಕ್ ಎಫ್ 5.6ಕ್ಕೆ ತುಸು ಮೇಲೆ, ಕನ್ನಡಕದ ಗಾಜು ಎಫ್ 8: ಈ ನಾಲ್ಕು ಹಾಳೆಗಳು ನನ್ನ ಗೋಡೆಯ ಮೇಲಿವೆ. ಕನ್ನಡಕದ ಗಾಜಿನದು ಉಳಿದವುಗಳ ಪಕ್ಕ ತಲೆತಗ್ಗಿಸಿಲ್ಲ. ನಡುಭಾಗದಲ್ಲಿ ವೆರಿಟೊಗೆ ಬಹಳ ಹತ್ತಿರ ಬರುತ್ತದೆ. ಮೂಲೆಗಳಲ್ಲಿ ಮಾತ್ರ ಗೆರೆಗಳು ಎಳೆದಂತಾಗಿ ಸೋಲುತ್ತದೆ. ದೊಡ್ಡಮ್ಮ ಆರಿಸಿದ್ದು ಇಮಾಗೊನ್‌ನದು. “ಇದರಲ್ಲಿ ಕಣ್ಣು ನನ್ನವೇ” ಎಂದರು.

ಕೋಟೆಗೆ ಒಯ್ಯುವ ಮುನ್ನ

ಭಾವಚಿತ್ರಕ್ಕೆ ಹೊಂದಿಸಿದ ಅಪರ್ಚರ್ ಹೊರಗೆ ನಡೆಯುವುದಿಲ್ಲ. ಗಾಳಿ ಮಂಟಪ, ದೂರದ ಬತೇರಿ, ಬಂಡೆಯ ಮೇಲಿನ ಮೆಟ್ಟಿಲು: ಇವು ಫಿಲ್ಮಿನ ಮೇಲೆ ಕೆಲವೇ ಮಿಲಿಮೀಟರ್ ಇರುತ್ತವೆ, ಎಫ್ 5.6ರ ಪ್ರಭೆಯಲ್ಲಿ ಮುಳುಗಿಹೋಗುತ್ತವೆ. ಎಫ್ 8ರಿಂದ ಶುರುಮಾಡಿ. ನಡುಹಗಲಿನಲ್ಲಿ ಹೋಗಲೇಬೇಡಿ. ಆಗ ನಮ್ಮ ಗ್ರಾನೈಟ್ ಬಂಡೆಗಳೆಲ್ಲ ಬಿಳಿಚಿಕೊಂಡು ಎಲ್ಲೆಡೆಯೂ ಪ್ರಭೆಯೇ ಆಗಿ, ಎಲ್ಲಿಯೂ ಪ್ರಭೆ ಕಾಣದಂತಾಗುತ್ತದೆ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್ ನಿಲ್ಲಿಸುವ ಮುಂಚೆ ಅವರ ಕಚೇರಿಯಲ್ಲಿ ಅನುಮತಿ ವಿಚಾರಿಸಿ.

ಸಂಜೆ ಇಳಿಬಿಸಿಲಿಗೆ ಎದುರಾಗಿ ಗೋಪಾಲಸ್ವಾಮಿ ಹೊಂಡದ ದಡದಲ್ಲಿ ನಿಂತರೆ ನೀರಿನ ಒಂದೊಂದು ಮಿನುಗಿಗೂ ಒಂದೊಂದು ಪ್ರಭೆ ಬರುತ್ತದೆ. ಸೂರ್ಯ ಲೆನ್ಸಿನ ಮೇಲೆ ನೇರ ಬೀಳದಂತೆ ಟೋಪಿಯನ್ನೋ ಫಿಲ್ಮ್ ಹೋಲ್ಡರಿನ ಮುಚ್ಚಳವಾದ ಡಾರ್ಕ್ ಸ್ಲೈಡನ್ನೋ ಅಡ್ಡ ಹಿಡಿಯಿರಿ, ಲೇಪವಿಲ್ಲದ ಹಳೆಯ ಗಾಜಿಗೆ ಅದೊಂದನ್ನು ತಡೆಯುವ ಶಕ್ತಿಯಿಲ್ಲ. ಬೆಳಕು ಹೆಚ್ಚಿದ್ದು ಮುಚ್ಚಳದಲ್ಲಿ ಎಕ್ಸ್‌ಪೋಸ್ ಮಾಡಲಾಗದಿದ್ದರೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಎಫ್ 16ಕ್ಕೆ ಇಳಿಸಿ ಸಮಯ ಸರಿಮಾಡಿಕೊಳ್ಳಬೇಡಿ, ಹಾಗೆ ಮಾಡಿದರೆ ಇಷ್ಟು ಭಾರದ ಲೆನ್ಸನ್ನು ಬೆಟ್ಟದ ಮೇಲೆ ಹೊತ್ತು ತಂದದ್ದು ವ್ಯರ್ಥ. ಆ ಜಾಗಕ್ಕೆ ವೆರಿಟೊ ಒಯ್ಯುತ್ತೇನೆ. ಇಮಾಗೊನ್ ಅಲ್ಲಿ ಬೇಡ, ದೂರದ ದಡದ ಮಿನುಗುಗಳೆಲ್ಲ ಹೂವಾಗಿಬಿಡುತ್ತವೆ.